ಅಪ್‌ಡೇಟ್: ನಿಷೇಧದ ಹೊತ್ತಿನಲ್ಲಿ ಮಗಳ ಮೀನಿನ ಪ್ರಾಜೆಕ್ಟ್

ಮೀನುಗಾರಿಕೆ ನಿಷೇಧ ಅಂತ ಜೂನ್, ಜುಲೈನ 61 ದಿನ ದೊಡ್ಡ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲೇ ಇರುವಾಗ, ನಮ್ಮ ಕಡಲಿನ ಮೀನುಗಳ ಬಗ್ಗೆ ಶಾಲೆಯ ಪ್ರಾಜೆಕ್ಟ್‌ಗೆ ತಾಜಾ ಮೀನು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೆನಲ್ಲ, ಆ ಕೆಲಸ ಚೆನ್ನಾಗಿ ಮುಗಿಯಿತು.

"ನಾಡದೋಣಿ ಬರುವ ಜಾಗಕ್ಕೆ ಬೆಳಿಗ್ಗೆ ಬೇಗ ಹೋಗಿ" ಅಂದವರ ಸಲಹೆಯೇ ಕೈ ಹಿಡಿದದ್ದು. ನಾಡದೋಣಿ ಅಂದರೆ ಸಣ್ಣ ಸಾಂಪ್ರದಾಯಿಕ ದೋಣಿ, ಅವಕ್ಕೆ ಈ ನಿಷೇಧ ಇಲ್ಲ. ಮಲ್ಪೆ ಹತ್ತಿರ ಬಂಗುಡೆ, ಬೂತಾಯಿ, ಕಾಣೆ ಮೂರೂ ಸಿಕ್ಕವು. ಐಸ್‌ನಲ್ಲಿಟ್ಟ ಹಳೆ ಮೀನು ಉಪಯೋಗಕ್ಕೆ ಬರಲಿಲ್ಲ, ಬಣ್ಣವೆಲ್ಲ ಮಾಸಿತ್ತು. ನೆಟ್‌ನ ಫೋಟೋ ಅಂತೂ ಬೇಡವೇ ಬೇಡ. ಬಂಗುಡೆಗೆ ಇಂಗ್ಲಿಷಿನಲ್ಲಿ ಮ್ಯಾಕೆರೆಲ್ ಅಂತ ಹುಡುಕಿದರೆ ಅಟ್ಲಾಂಟಿಕ್‌ನ ಬೇರೆ ಜಾತಿಯೇ ಜಾಸ್ತಿ ಬರುತ್ತದೆ.

ನಾನು ಅಂದುಕೊಂಡೇ ಇರದ ವಿಷಯವೊಂದು ಅಲ್ಲೇ ಗೊತ್ತಾಯಿತು. ಮೀನು ಮಾರುವ ಅಕ್ಕ ಒಬ್ಬರು "ಇಲ್ಲಿ ನೋಡು ಮಗಾ" ಅಂತ ಬಂಗುಡೆಯ ಬಾಯಿ ಅಗಲಿಸಿ ತೋರಿಸಿದರು. ಒಳಗೆ ಕಿವಿರಿನ ಉದ್ದುದ್ದ ಎಳೆಗಳು, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ! ನೀರಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟಾಣಿ ಜೀವಿಗಳನ್ನು ಸೋಸಿ ತಿನ್ನುವುದು ಇದರಿಂದಲೇ. ಬೂತಾಯಿಯದ್ದು ಇನ್ನೂ ಸಣ್ಣ, ಇನ್ನೂ ಒತ್ತು. ಮಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಚಿತ್ರ ಬರೆದಳು, ಪ್ರಾಜೆಕ್ಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದೇ. ಕಾಣೆ ಹೆದರಿದರೆ ಮರಳಲ್ಲಿ ಹುದುಗಿಕೊಳ್ಳುತ್ತದೆ ಅಂತ ದೋಣಿಯವರು ಹೇಳಿದ್ದನ್ನೂ ಬರೆದುಕೊಂಡಳು.

ಕಡಲು ಜೋರಿದ್ದ ದಿನ ದೋಣಿ ಇಳಿಯುವುದಿಲ್ಲ, ವಿಚಾರಿಸಿಕೊಂಡೇ ಹೋಗಿ. ಫೋಟೋ ದಡದಲ್ಲೇ ತೆಗೆದುಬಿಡಿ. ಮನೆಗೆ ತರುವಷ್ಟರಲ್ಲಿ ಹೊಳಪು ಹೋಗಿರುತ್ತದೆ.