ಮನೆಯ ಕಂಪ್ಯೂಟರಿಗೆ ಪುಕ್ಕಟೆ ಆಂಟಿವೈರಸ್ ಯಾವುದು ಹಾಕಲಿ?

ಪ್ರಶ್ನೆ (ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ):
ಗುಂಪಿನಲ್ಲಿ ಕಂಪ್ಯೂಟರ್ ರಿಪೇರಿಯವರು ಇದ್ದೀರಿ ಎಂಬ ಧೈರ್ಯದ ಮೇಲೆ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿರುವುದು 2017ರ ಆರಂಭದಲ್ಲಿ ಕೊಂಡ ಡೆಸ್ಕ್‌ಟಾಪ್. ವಿಂಡೋಸ್ 10, 4 ಜಿಬಿ ರ್‍ಯಾಮ್. ನಾನು ಪತ್ರಿಕೆ ಓದುತ್ತೇನೆ, ಪಿಂಚಣಿಯ ಕಾಗದಪತ್ರ ನೋಡಿಕೊಳ್ಳುತ್ತೇನೆ. ಸೊಸೆ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುತ್ತಾಳೆ. ಮೊಮ್ಮಗನಿಗೆ ಆಟ. ದುಡ್ಡು ಕೊಟ್ಟು ಹಾಕಿಸಿದ್ದ ಆಂಟಿವೈರಸ್‌ನ ಅವಧಿ ಮೂರು ತಿಂಗಳ ಹಿಂದೆ ಮುಗಿಯಿತು. ಈಚೆಗೆ ಪರದೆಯ ಬಲಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಎದ್ದು, ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ, ಕೂಡಲೇ ನವೀಕರಿಸಿ’ ಎಂಬರ್ಥದಲ್ಲಿ ದಿನಕ್ಕೆ ಹತ್ತು ಬಾರಿ ಹೆದರಿಸುತ್ತದೆ. ಅವಾಸ್ಟ್ ಹಾಕೋಣ ಎನ್ನುತ್ತಾನೆ ಮೊಮ್ಮಗ. ಎರಡು ಹಾಕಿಸಿದರೆ ಇನ್ನೂ ಭದ್ರ ಎನ್ನುತ್ತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳಲಿ?

ಉತ್ತರ (ಕಂಪ್ಯೂಟರ್ ರಿಪೇರಿ, ಶಿವಮೊಗ್ಗ):
ಮೇಷ್ಟರೇ, ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಆ ಪೆಟ್ಟಿಗೆ ಮತ್ತೆ ಎದ್ದಾಗ ಅದರ ಮೇಲೆ ಒತ್ತಬೇಡಿ. ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಯಾರ ಹೆಸರಿದೆ ಎಂದು ಓದಿ ಹೇಳಿ.

ಪ್ರಶ್ನೆ ಕೇಳಿದವರು:
ಕನ್ನಡಕ ಹಾಕಿಕೊಂಡು ನೋಡಿದೆ. ಆಂಟಿವೈರಸ್ ಕಂಪನಿಯ ಗುರುತು ದೊಡ್ಡದಾಗಿಯೇ ಇದೆ. ಆದರೆ ಮೇಲ್ಗಡೆ ‘ಗೂಗಲ್ ಕ್ರೋಮ್’ ಎಂದಿದೆ, ಕೆಳಗೆ ತಲೆಬುಡವಿಲ್ಲದ ಯಾವುದೋ ವೆಬ್‌ಸೈಟಿನ ವಿಳಾಸವಿದೆ.

ಉತ್ತರ:
ಅಲ್ಲಿಗೆ ಅರ್ಧ ಕಾಯಿಲೆ ಗೊತ್ತಾಯಿತು. ಅದು ವೈರಸ್ಸೂ ಅಲ್ಲ, ನಿಮ್ಮ ಆಂಟಿವೈರಸ್ ಕೊಡುತ್ತಿರುವ ಎಚ್ಚರಿಕೆಯೂ ಅಲ್ಲ. ಯಾವುದೋ ವೆಬ್‌ಸೈಟ್ ಕ್ರೋಮ್‌ನ ಮೂಲಕ ಕಳಿಸುತ್ತಿರುವ ಜಾಹೀರಾತು. ‘ವೈರಸ್ ಬಂದಿದೆ’ ಎಂದು ನನ್ನ ಅಂಗಡಿಗೆ ಹೊತ್ತು ತರುವ ಯಂತ್ರಗಳಲ್ಲಿ ಎಷ್ಟೋ ಸಲ ನನಗೆ ಸಿಗುವುದು ಇದೊಂದೇ. ಆಗುವುದು ಹೀಗೆ: ಹುಡುಗರು ಪುಕ್ಕಟೆ ಆಟವನ್ನೋ ಸಿನಿಮಾವನ್ನೋ ಹುಡುಕುತ್ತಾ ಒಂದು ಪುಟಕ್ಕೆ ಹೋಗುತ್ತಾರೆ. ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಆ ಪುಟ ಕೇಳುತ್ತದೆ. ಒತ್ತಿದರೆ ಮುಗಿಯಿತು, ನಿಮ್ಮ ಜಗಲಿಯ ಮೇಲೆ ಕುಳಿತು ಹೊತ್ತುಗೊತ್ತಿಲ್ಲದೆ ಕೂಗಲು ಅದಕ್ಕೆ ನೀವೇ ಅಪ್ಪಣೆ ಕೊಟ್ಟ ಹಾಗೆ. ಡಿಸ್ಕಿನಲ್ಲಿ ಕೆಟ್ಟ ಫೈಲೇ ಇಲ್ಲದಿರುವಾಗ ಆಂಟಿವೈರಸ್ ಹುಡುಕಿ ತೆಗೆಯುವುದಾದರೂ ಏನನ್ನು?

ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಕಾಣುತ್ತದೆ. ಗುರುತಿಲ್ಲದ ಒಂದೊಂದು ಹೆಸರನ್ನೂ ಬ್ಲಾಕ್ ಮಾಡಿ. ಕೂಗಾಟ ಆ ಕ್ಷಣವೇ ನಿಲ್ಲುತ್ತದೆ.

ಇನ್ನು ಆಂಟಿವೈರಸ್ ವಿಚಾರ. ಹೊಸದಾಗಿ ಏನನ್ನೂ ಹಾಕಬೇಡಿ, ಅವಧಿ ಮುಗಿದಿರುವುದನ್ನು ತೆಗೆದುಬಿಡಿ. ಮೊಮ್ಮಗನಿಗೆ ಈ ಉತ್ತರ ಸಪ್ಪೆ ಎನಿಸಬಹುದು. ಆದರೆ ವಿಂಡೋಸ್ 10ರ ಒಳಗೇ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಪುಕ್ಕಟೆ ಆಂಟಿವೈರಸ್ ಇದೆ. ಹೊರಗಿನದೊಂದು ಬಂದು ಕೂತಾಗ ಅದು ತಾನಾಗಿ ಹಿಂದೆ ಸರಿಯುತ್ತದೆ, ಬಂದದ್ದು ಹೋದ ಮೇಲೆ ತಾನಾಗಿ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದರೆ ಗುರಾಣಿಯ ಚಿತ್ರದ ಮೇಲೆ ಹಸಿರು ಗುರುತು ಕಾಣಬೇಕು. ಕಾಣದಿದ್ದರೆ ಹಳೆಯದರ ಚೂರುಪಾರು ಉಳಿದಿದೆ ಎಂದರ್ಥ. ಅಂಥ ಚೂರುಗಳನ್ನು ಗುಡಿಸಲು ದೊಡ್ಡ ಕಂಪನಿಗಳು ತಮ್ಮದೇ ವೆಬ್‌ಸೈಟಿನಲ್ಲಿ ಸಣ್ಣದೊಂದು ತಂತ್ರಾಂಶ ಇಟ್ಟಿರುತ್ತವೆ. ಅಲ್ಲಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ, ಮೊದಲು ಕಾಣುವುದು ಬಹಳ ಸಲ ಜಾಹೀರಾತು.

ಸದಸ್ಯರು (ಧಾರವಾಡ):
ವಿಂಡೋಸ್ ಜೊತೆಗೆ ಬರುವುದು ಹೆಸರಿಗಷ್ಟೇ ಆಂಟಿವೈರಸ್ ಎಂದು ಕೇಳಿದ್ದೆವಲ್ಲ? ಕಾಲೇಜಿನ ಲ್ಯಾಬ್‌ನಲ್ಲಿ ನಮ್ಮ ಗುರುಗಳು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಉತ್ತರ:
ನಿಮ್ಮ ಗುರುಗಳು ಅವರ ಕಾಲಕ್ಕೆ ಸರಿಯಾಗಿಯೇ ಹೇಳಿದ್ದರು. ಹಳೆಯ ವಿಂಡೋಸ್ ವಿಸ್ಟಾ ಜೊತೆಗೆ ಬಂದ ಡಿಫೆಂಡರ್ ಪೂರ್ಣ ಆಂಟಿವೈರಸ್ ಆಗಿರಲೇ ಇಲ್ಲ, ಗೂಢಚಾರಿ ತಂತ್ರಾಂಶಗಳನ್ನು ಮಾತ್ರ ಹಿಡಿಯುತ್ತಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಎಂಬುದನ್ನು ಬೇರೆಯಾಗಿ ಪುಕ್ಕಟೆ ಕೊಟ್ಟಿತು. 2012ರಲ್ಲಿ ವಿಂಡೋಸ್ 8 ಬಂದಾಗ ಆ ಕೆಲಸವೆಲ್ಲ ಡಿಫೆಂಡರ್ ಒಳಗೇ ಸೇರಿತು. ಆ ದಿನಗಳಲ್ಲಿ ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅದು ಹಿಂದಿನ ಬೆಂಚಿನ ಹುಡುಗ. ಈಚಿನ ವರ್ಷಗಳಲ್ಲಿ ಅದೇ ಪ್ರಯೋಗಾಲಯ ರಕ್ಷಣೆಯ ವಿಭಾಗದಲ್ಲಿ ಅದಕ್ಕೆ ಆರಕ್ಕೆ ಆರು ಅಂಕ ಕೊಡುವುದು ಸಾಮಾನ್ಯವಾಗಿದೆ.

ಕೊರತೆಯೂ ಇದೆ. ಅದು ಬಹಳಷ್ಟನ್ನು ಇಂಟರ್‌ನೆಟ್ ಮೂಲಕ ಮೈಕ್ರೋಸಾಫ್ಟ್‌ನ ಸರ್ವರ್‌ಗಳನ್ನು ಕೇಳಿ ತೀರ್ಮಾನಿಸುತ್ತದೆ. ನೆಟ್ ಇಲ್ಲದಾಗ ಅದರ ಚುರುಕು ಕಡಿಮೆ, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್‌ನ ಪರೀಕ್ಷೆಗಳಲ್ಲೂ ಇದು ಕಂಡಿದೆ. ಆಷಾಢದ ಮಳೆಯಲ್ಲಿ ಎರಡೆರಡು ದಿನ ನೆಟ್ ಹೋಗುವ ನಮ್ಮ ಮಲೆನಾಡಿಗೆ ಇದು ಸಣ್ಣ ಮಾತಲ್ಲ. ಮೇಷ್ಟರೇ, ನೆಟ್ ಇಲ್ಲದ ದಿನ ಊರವರ ಪೆನ್‌ಡ್ರೈವ್ ಚುಚ್ಚಬೇಡಿ.

ಸದಸ್ಯರು (ಧಾರವಾಡ):
ಹಾಗಾದರೆ ಅವಾಸ್ಟ್, ಎವಿಜಿ, ಅವೀರಾ, ಇವೆಲ್ಲ ಬೇಡವೇ? ಅವೂ ಪುಕ್ಕಟೆಯೇ ಅಲ್ಲವೇ?

ಉತ್ತರ:
ಮೊದಲನೆಯದಾಗಿ ಈಗ ಆ ಮೂರೂ ಒಂದೇ ಮನೆಯ ಮಕ್ಕಳು. ಪ್ರಾಗ್‌ನ ಅವಾಸ್ಟ್ 2016ರಲ್ಲಿ ಎವಿಜಿಯನ್ನು ಕೊಂಡಿತು. ಆಮೇಲೆ ನಾರ್ಟನ್ ಕಂಪನಿ ಅವೀರಾವನ್ನೂ, 2022ರಲ್ಲಿ ಅವಾಸ್ಟನ್ನೂ ಸೇರಿಸಿಕೊಂಡು ಜೆನ್ ಡಿಜಿಟಲ್ ಎಂದು ಹೆಸರು ಬದಲಿಸಿಕೊಂಡಿತು. ಡಬ್ಬಿಯ ಬಣ್ಣ ನೋಡಿ ಆರಿಸುವವರಿಗೆ ಇದು ತಿಳಿದಿರುವುದಿಲ್ಲ.

ಎರಡನೆಯದು ನನಗೆ ಮುಖ್ಯ. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟಿಗೆ ಹೋದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಿಕೆಗಳು ಅದನ್ನು ಬಯಲಿಗೆಳೆದ ಮೇಲೆ ಆ ಸಂಸ್ಥೆಯನ್ನು ಮುಚ್ಚಿದರು. 2024ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಈಗ ಆ ವ್ಯಾಪಾರ ಇಲ್ಲ, ವೈರಸ್ ಹಿಡಿಯುವುದರಲ್ಲಿ ಆ ತಂತ್ರಾಂಶ ಯಾವತ್ತೂ ದಡ್ಡನಾಗಿರಲಿಲ್ಲ. ಆದರೂ ಮನೆ ಕಾಯಲು ಇಟ್ಟವನು ಮನೆಯ ಮಾತನ್ನು ಸಂತೆಯಲ್ಲಿ ಹೇಳಿದ್ದನ್ನು ನಾನು ಬೇಗ ಮರೆಯುವವನಲ್ಲ.

ಡಿಫೆಂಡರ್ ಬೇಡವೇ ಬೇಡ ಎನ್ನುವವರಿಗೆ ನಾನು ಹೇಳುವುದು ರುಮೇನಿಯಾದ ಬಿಟ್‌ಡಿಫೆಂಡರ್‌ನ ಪುಕ್ಕಟೆ ಆವೃತ್ತಿ. ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿಯೂ ಒಳ್ಳೆಯದೇ, ಆದರೆ ಅದು ಸದಾ ಕಾವಲು ಕಾಯುವುದಿಲ್ಲ. ನೀವಾಗಿ ಓಡಿಸಿದಾಗ ಮಾತ್ರ ಹುಡುಕುತ್ತದೆ. ಅನುಮಾನ ಬಂದ ದಿನ ಇನ್ನೊಬ್ಬ ವೈದ್ಯರಿಗೆ ತೋರಿಸಿದ ಹಾಗೆ ಅದನ್ನು ಬಳಸಿ.

ಸದಾ ಕಾಯುವ ಎರಡನ್ನು ಒಟ್ಟಿಗೆ ಮಾತ್ರ ಹಾಕಬೇಡಿ. ಒಂದು ಫೈಲ್ ತೆರೆದರೆ ಇಬ್ಬರೂ ಅದರ ಕೈ ಹಿಡಿದು ಎಳೆದಾಡುತ್ತಾರೆ. ಮೇಷ್ಟರ 4 ಜಿಬಿ ಯಂತ್ರದಲ್ಲಿ ಎಕ್ಸೆಲ್ ತೆರೆಯುವಷ್ಟರಲ್ಲಿ ಕಾಫಿ ಸೋಸಿ ಕುಡಿದು ಬರಬಹುದು.

ಸದಸ್ಯರು (ಬೆಂಗಳೂರು):
ಮೈಕ್ರೋಸಾಫ್ಟ್ ಮಾತ್ರ ಧರ್ಮಕ್ಕೆ ಕೊಡುತ್ತದೆಯೇ? ಅದೂ ಮಾಹಿತಿ ತೆಗೆದುಕೊಳ್ಳುತ್ತದೆ.

ಉತ್ತರ:
ತೆಗೆದುಕೊಳ್ಳುತ್ತದೆ, ಸರ್. ಅನುಮಾನ ಬಂದ ಫೈಲಿನ ಮಾದರಿಯನ್ನು ತಾನಾಗಿ ಕಳಿಸುವ ವ್ಯವಸ್ಥೆ ಅದರಲ್ಲಿದೆ. ಬೇಡವಾದರೆ ‘ಆಟೋಮ್ಯಾಟಿಕ್ ಸ್ಯಾಂಪಲ್ ಸಬ್‌ಮಿಷನ್’ ಎಂಬುದನ್ನು ನಿಲ್ಲಿಸಬಹುದು. ಆದರೆ ನೀವು ಈಗಾಗಲೇ ವಿಂಡೋಸ್ ಬಳಸುತ್ತಿದ್ದೀರಿ, ಮೈಕ್ರೋಸಾಫ್ಟನ್ನು ನಂಬಿಯಾಗಿದೆ. ಇನ್ನೊಂದು ಕಂಪನಿಯನ್ನೂ ಏಕೆ ನಂಬಬೇಕು ಎಂಬುದಷ್ಟೇ ನನ್ನ ವಾದ.

ಸದಸ್ಯೆ (ಡಿಟಿಪಿ ಕೇಂದ್ರ, ಸಾಗರ):
ಅಣ್ಣ, ನನ್ನದು ಬೇರೆ ಗೋಳು. ಲಗ್ನಪತ್ರಿಕೆ ಮಾಡಿಸಲು ಬಂದವರ ಪೆನ್‌ಡ್ರೈವ್ ಹಾಕಿದೆ. ಫೋಲ್ಡರ್‌ಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿವೆ. ಅವರು ನಾನೇ ಅಳಿಸಿದೆ ಎಂದು ಜಗಳಕ್ಕೆ ನಿಂತಿದ್ದಾರೆ.

ಉತ್ತರ:
ಅಕ್ಕ, ಅವರ ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ, ಸಮಾಧಾನ ಮಾಡಿ ಕೂರಿಸಿ. ಇದು ಹುಳು (ವರ್ಮ್) ಎಂಬ ಜಾತಿಯ ವೈರಸ್. ಅದು ನಿಜವಾದ ಫೋಲ್ಡರ್‌ಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಆ ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹುಳುವೂ ಓಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಒಂದನ್ನೂ ಒತ್ತದೆ, ಪೆನ್‌ಡ್ರೈವ್ ಮೇಲೆ ಬಲಗುಂಡಿ ಒತ್ತಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ನಂತರ ಫೋಲ್ಡರ್ ಆಪ್ಷನ್ಸ್‌ನ ವ್ಯೂ ಭಾಗದಲ್ಲಿ ಮರೆಯಾದ ಫೈಲುಗಳನ್ನು ತೋರಿಸುವಂತೆ ಹೇಳಿ. ಸಾಲದು, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಮುಂದಿನ ಗುರುತನ್ನೂ ತೆಗೆಯಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಆಗ ಮಸುಕು ಬಣ್ಣದಲ್ಲಿ ನಿಜವಾದ ಫೋಲ್ಡರ್‌ಗಳು ಕಾಣುತ್ತವೆ. ಒಳಗಿನ ಚಿತ್ರ, ಬರಹಗಳನ್ನು ಮಾತ್ರ ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಕೆಲಸ ಮುಗಿದ ಮೇಲೆ ಆ ಗುರುತನ್ನು ಮತ್ತೆ ಹಾಕಿಬಿಡಿ.

ನಿಮ್ಮಂಥ ಅಂಗಡಿಗೆ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಉಪಯೋಗಕ್ಕೆ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ತೆರೆದದ್ದು. ಯಂತ್ರ ಶುಚಿಮಾಡುವ ಸಲಕರಣೆಗಳನ್ನು ಪುಕ್ಕಟೆ ಕೊಡುತ್ತದೆ. ಪೆನ್‌ಡ್ರೈವ್ ಕಾವಲಿಗೆಂದೇ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ‘ಯುಎಸ್‌ಬಿ ಪ್ರತಿರೋಧ್’ ಎಂಬುದೂ ಅದರಲ್ಲಿ ಸೇರಿದೆ.

ಮತ್ತೊಂದು ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮಲ್ಲಿರುವ ವಿನ್ಯಾಸದ ತಂತ್ರಾಂಶ ದುಡ್ಡು ಕೊಟ್ಟು ತಂದದ್ದೋ, ಬೀಗ ಮುರಿದದ್ದೋ? ಮುರಿದದ್ದಾದರೆ ಹಾಕುವಾಗ ‘ಮೊದಲು ಆಂಟಿವೈರಸ್ ನಿಲ್ಲಿಸಿ’ ಎಂದು ಸೂಚನೆ ಇದ್ದಿರಬೇಕು. ನಾಯಿಯನ್ನು ಕಟ್ಟಿಹಾಕು, ಒಳಗೆ ಬರುತ್ತೇನೆ ಎನ್ನುವ ನೆಂಟನಿಗೆ ಯಾರಾದರೂ ಬಾಗಿಲು ತೆಗೆಯುತ್ತಾರೆಯೇ?

ಸದಸ್ಯೆ (ಸಾಗರ):
ಫೈಲು ಸಿಕ್ಕವು, ಗಿರಾಕಿ ತಣ್ಣಗಾದರು. ಎರಡನೆಯ ಪ್ರಶ್ನೆಗೆ ಗುಂಪಿನಲ್ಲಿ ಉತ್ತರಿಸುವುದಿಲ್ಲ, ಅಣ್ಣ.

ಪ್ರಶ್ನೆ ಕೇಳಿದವರು:
ಮರಳಿ ನನ್ನ ವಿಷಯಕ್ಕೆ ಬರುತ್ತೇನೆ. ವಿಂಡೋಸ್ 10 ನಿಂತುಹೋಯಿತು ಎನ್ನುತ್ತಾರಲ್ಲ, ಡಿಫೆಂಡರ್ ನಡೆಯುತ್ತದೆಯೇ?

ಉತ್ತರ:
ವಿಂಡೋಸ್ 10ಕ್ಕೆ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಹೊಸ ವೈರಸ್‌ಗಳ ಗುರುತುಪಟ್ಟಿಯನ್ನು ಡಿಫೆಂಡರ್‌ಗೆ 2028ರ ಅಕ್ಟೋಬರ್‌ವರೆಗೆ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ಅದು ಕಾವಲುಗಾರನ ಊಟವಷ್ಟೇ. ಗೋಡೆಯಲ್ಲಿ ಬಿಟ್ಟ ಬಿರುಕು ಮುಚ್ಚಲು ವಿಂಡೋಸ್‌ನದೇ ತೇಪೆ, ಅಂದರೆ ಭದ್ರತಾ ಅಪ್‌ಡೇಟ್, ಬೇಕು. ಅದಕ್ಕೆ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ನಿಮ್ಮ ಸೆಟ್ಟಿಂಗ್‌ಗಳನ್ನು ಅದರಲ್ಲೇ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ನಿಮ್ಮ ಯಂತ್ರದ್ದು ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್ ಇರಬೇಕು, ವಿಂಡೋಸ್ 11 ಕೇಳುವುದು ಎಂಟನೆಯದರಿಂದ ಮೇಲಿನದನ್ನು. ಆದ್ದರಿಂದ ಆಂಟಿವೈರಸ್‌ಗೆ ಉಳಿದ ದುಡ್ಡನ್ನು ಮುಂದಿನ ಯಂತ್ರಕ್ಕೆ ಕೂಡಿಡಿ.

ಇನ್ನೆರಡು ಕೆಲಸ. ವಿಂಡೋಸ್ ಸೆಕ್ಯುರಿಟಿಯ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಸ್ಕ್ಯಾನ್ ಆಪ್ಷನ್ಸ್ ಒಳಗೆ ‘ಆಫ್‌ಲೈನ್ ಸ್ಕ್ಯಾನ್’ ಇದೆ, ಒಮ್ಮೆ ಓಡಿಸಿ. ಮೊದಲು ತೆರೆದಿರುವ ಫೈಲುಗಳನ್ನೆಲ್ಲ ಸೇವ್ ಮಾಡಿಕೊಳ್ಳಿ. ಹಾಗೆಯೇ ಸಂಘದ ಲೆಕ್ಕವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಫೈಲುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ವೈರಸ್ ಬಂದರೆ ಕೈಹಿಡಿಯುವುದು ಆ ನಕಲೇ.

ಪ್ರಶ್ನೆ ಕೇಳಿದವರು:
ಎಲ್ಲ ಮಾಡಿದೆ. ಕ್ರೋಮ್‌ನ ಪಟ್ಟಿಯಲ್ಲಿ ಹನ್ನೊಂದು ಗುರುತಿಲ್ಲದ ಹೆಸರುಗಳಿದ್ದವು, ಮೊಮ್ಮಗ ತಲೆ ತಗ್ಗಿಸಿಕೊಂಡು ಒಂದೊಂದಾಗಿ ತೆಗೆದ. ಆಫ್‌ಲೈನ್ ಸ್ಕ್ಯಾನ್ ಒತ್ತಿದಾಗ ಯಂತ್ರ ಇದ್ದಕ್ಕಿದ್ದಂತೆ ಆರಿ, ಬೇರೆಯೇ ಪರದೆ ಬಂತು. ನಾನೇ ಕೆಡಿಸಿದೆ ಎಂದುಕೊಂಡು ಕುರ್ಚಿಯಿಂದ ಏಳಲಿಲ್ಲ. ಕಾಲು ಗಂಟೆಯ ಮೇಲೆ ತಾನಾಗಿ ವಿಂಡೋಸ್‌ಗೆ ಮರಳಿತು. ಹಸಿರು ಗುರುತು ಇದೆ. ಸಂಘದ ಲೆಕ್ಕವನ್ನೂ ನಕಲು ಮಾಡಿ, ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೇನೆ.

ಉತ್ತರ:
ಅದನ್ನು ಈಗಲೇ ಕಿತ್ತು ಬೀರುವಿನಲ್ಲಿಡಿ, ಮೇಷ್ಟರೇ. ಸಿಕ್ಕಿಸಿಟ್ಟರೆ ಒತ್ತೆಹಣದ ವೈರಸ್ ಅದಕ್ಕೂ ಬೀಗ ಹಾಕುತ್ತದೆ.