ವರದಿಯಲ್ಲಿ 47 ಅಂತ ಬಂದಿದೆ. ಮುಂದಿನ ಮಗುವಿಗೂ ಹೀಗೇ ಆಗುತ್ತಾ?

ಕೇಳಿದವರು:

ಮಗಳಿಗೆ ಮೂರು ತಿಂಗಳು. ಮೈ ತುಂಬ ಮೆತ್ತಗೆ, ಹಾಲು ಕುಡಿಯುವಾಗ ಬೇಗ ಸುಸ್ತಾಗ್ತಾಳೆ. ರಕ್ತ ಕೊಟ್ಟು ಮೂರು ವಾರಕ್ಕೆ ವರದಿ ಬಂತು: ‘47, ಎಕ್ಸ್‌ಎಕ್ಸ್, +21’. ಡೌನ್ ಸಿಂಡ್ರೋಮ್ ಅಂದರು. ಹೊರಗೆ ತುಂಬ ಜನ ಕಾಯ್ತಿದ್ದರು, ಹೆಚ್ಚು ಕೇಳೋಕೆ ಬಾಯಿ ಬರಲಿಲ್ಲ. ನನಗೆ 26. ಯಜಮಾನರು ಸೋದರತ್ತೆ ಮಗ. ಸಂಬಂಧದಲ್ಲಿ ಕೊಟ್ಟಿದ್ದೇ ತಪ್ಪಾಯ್ತು ಅಂತ ಅಮ್ಮ ಅಳ್ತಾರೆ. ಗ್ರಹಣದ ಹೊತ್ತಲ್ಲಿ ಹಿತ್ತಲಿಗೆ ಹೋಗಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಹೇಳ್ತಾರೆ. ಈಗ ಮೊದಲು ಏನು ಮಾಡಲಿ? ಇನ್ನೊಂದು ಮಗು ಆದರೆ ಅದಕ್ಕೂ ಹೀಗೇನಾ?

ಹದಿನಾಲ್ಕು ವರ್ಷದ ಮಗನ ತಾಯಿ, ದಾವಣಗೆರೆ:

ಉಳಿದದ್ದೆಲ್ಲ ಆಮೇಲೆ ಮಾತಾಡೋಣ, ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಿದೆಯಾ? ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಹಾಲು ಕುಡಿಯುವಾಗ ಸುಸ್ತು ಅಂದಿದ್ದೀರಲ್ಲ, ಅದನ್ನು ಓದಿ ನನಗೆ ಎದೆ ಧಸಕ್ಕೆಂದಿತು. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ಹುಟ್ಟುದೋಷ ಇರುತ್ತೆ, ಸ್ಟೆತಸ್ಕೋಪಿಗೆ ಏನೂ ಕೇಳಿಸದೆಯೂ ಇರಬಹುದು. ನನ್ನ ಮಗನಿಗೆ ಹೃದಯದ ನಡುಗೋಡೆಯೇ ಪೂರ್ತಿ ಬೆಳೆದಿರಲಿಲ್ಲ. ಮೈ ಮೆತ್ತಗಿರೋ ಮಗು, ಹಾಲು ಕುಡಿಯೋಕೆ ಕಷ್ಟ ಇದ್ದದ್ದೇ ಅಂದುಕೊಂಡು ಎರಡು ತಿಂಗಳು ಕಳೆದಿದ್ದೆ. ಐದನೇ ತಿಂಗಳಲ್ಲಿ ಆಪರೇಷನ್ ಆಯ್ತು. ತುಂಬ ತಡವಾದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಆಪರೇಷನ್ನೇ ಮಾಡಲಾಗದ ಹಂತ ಬರಬಹುದು ಅಂತ ಆಮೇಲೆ ತಿಳಿಯಿತು. ಎಕೋ ಜೊತೆಗೇ ಥೈರಾಯ್ಡ್‌ಗೆ ರಕ್ತ ಕೊಡಿ, ಕಿವಿ ಕೇಳಿಸುತ್ತಾ ಅಂತ ನೋಡುವ ‘ಬೇರಾ’ ಪರೀಕ್ಷೆ ಮಾಡಿಸಿ, ಕಣ್ಣು ತೋರಿಸಿ. ಥೈರಾಯ್ಡ್ ಒಂದು ಸಲ ಸರಿ ಇದೆ ಅಂತ ಬಿಡಬೇಡಿ, ಮುಂದೆಯೂ ವರ್ಷಕ್ಕೊಮ್ಮೆ ನೋಡಿಸಬೇಕು.

ಈಗ ಗ್ರಹಣದ ಮಾತು. ನನಗೂ ಹೇಳಿದ್ದರು, ನನ್ನ ವಿಷಯದಲ್ಲಿ ಅದು ಪಪ್ಪಾಯ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆಗಳು), ಅಂದರೆ 23 ಜೋಡಿ. ಅಂಡಾಣು ಆಗುವಾಗ ಪ್ರತಿ ಜೋಡಿಯೂ ಬೇರೆಯಾಗಿ ಒಂದೊಂದೇ ಉಳಿಯಬೇಕು. 21ನೇ ಜೋಡಿ ಬಿಡಿಸಿಕೊಳ್ಳದೆ ಎರಡೂ ಒಂದೇ ಕಡೆ ಹೋದರೆ, ಮಗುವಿಗೆ ಮೂರು ಬಂದು ಒಟ್ಟು 47 ಆಗುತ್ತೆ, ನಿಮ್ಮ ವರದಿಯ ‘+21’ ಅಂದರೆ ಅದೇ. ಹೆಚ್ಚಿನ ಸಲ ಇದು ಅಂಡಾಣುವಿನಲ್ಲಿ, ಕೆಲವು ಸಲ ವೀರ್ಯಾಣುವಿನಲ್ಲಿ ಆಗುತ್ತೆ. ನಿಮ್ಮ ಅಂಡಾಣುಗಳು ಹುಟ್ಟಿದ್ದು ಯಾವಾಗ ಗೊತ್ತಾ? ನೀವಿನ್ನೂ ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗ. ಆಗ ಶುರುವಾದ ವಿಭಜನೆ ಅರ್ಧಕ್ಕೇ ನಿಂತು ವರ್ಷಗಟ್ಟಲೆ ಕಾಯುತ್ತೆ. ಆ ಕಾಯುವಿಕೆ ಉದ್ದವಾದಷ್ಟೂ ಎಡವಟ್ಟಿನ ಸಾಧ್ಯತೆ ಜಾಸ್ತಿ. ಅದಕ್ಕೇ ತಾಯಿಗೆ 35 ಆದಾಗ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು ಅಂತ ಲೆಕ್ಕ. ನಿಮ್ಮ ವಯಸ್ಸಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗೆ ಒಂದು, ಆದರೂ ಆಗುತ್ತೆ. ನೀವು ಹಿತ್ತಲಿಗೆ ಹೋಗುವ ಎಷ್ಟೋ ತಿಂಗಳು ಮೊದಲೇ, ಬಸಿರು ಕಟ್ಟುವ ಹೊತ್ತಿಗೇ, ಅದು ಆಗಿಹೋಗಿತ್ತು.

1866ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ ಕೂಡ ತಂದೆತಾಯಿಯ ಕ್ಷಯರೋಗದ ಮೇಲೆ ಗುಮಾನಿಪಟ್ಟಿದ್ದರು. ಪ್ಯಾರಿಸ್ಸಿನಲ್ಲಿ ಮೂರನೇ 21 ಕಣ್ಣಿಗೆ ಬಿದ್ದದ್ದು 1959ರ ಹೊತ್ತಿಗೆ. ಅಲ್ಲಿವರೆಗಿನ ತೊಂಬತ್ತು ವರ್ಷ ಎಷ್ಟು ತಾಯಂದಿರು ಏನೇನು ಕೇಳಿಸಿಕೊಂಡರೋ ಅಂತ ಯೋಚಿಸಿದರೆ ಈಗಲೂ ಸಂಕಟವಾಗುತ್ತೆ.

ಜೀನ್ ಸರಿಮಾಡ್ತೀವಿ, ಸ್ಟೆಮ್ ಸೆಲ್ ಹಾಕ್ತೀವಿ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿ. ಹೆಚ್ಚುವರಿ ಕ್ರೋಮೋಸೋಮ್ ತೆಗೆಯುವ ಔಷಧಿ ಇಲ್ಲ. ನಾವು ಒಡವೆ ಅಡವಿಟ್ಟು ಕಳೆದುಕೊಂಡಿದ್ದೇವೆ.

ಶಿರಸಿ ಕಡೆಯ ಒಬ್ಬ ತಂದೆ:

ನಿಮ್ಮ ವರದಿಯ ಆ ‘+21’ ಬಹಳ ಮುಖ್ಯ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ಮಗನ ವರದಿಯಲ್ಲಿ 46 ಅಂತಲೇ ಇತ್ತು. ಎಣಿಕೆ ಸರಿ ಇದೆಯಲ್ಲ, ಮತ್ತೆ ಹೇಗೆ ಡೌನ್ ಸಿಂಡ್ರೋಮ್ ಅಂತ ನಾನು ಜಗಳಕ್ಕೇ ನಿಂತಿದ್ದೆ. ಅವನ ಹೆಚ್ಚುವರಿ 21 ಬಿಡಿಯಾಗಿರದೆ 14ನೇ ಕ್ರೋಮೋಸೋಮಿಗೆ ಅಂಟಿಕೊಂಡಿತ್ತು. ಇದಕ್ಕೆ ಟ್ರಾನ್ಸ್‌ಲೊಕೇಶನ್ ಅಂತಾರೆ, ನೂರರಲ್ಲಿ ಮೂರು-ನಾಲ್ಕು ಮಕ್ಕಳಲ್ಲಿ ಮಾತ್ರ. ಆಗ ಇಬ್ಬರ ರಕ್ತವನ್ನೂ ನೋಡಿದರು. ನನ್ನ ಹೆಂಡತಿಗೆ 45! ಅವಳಲ್ಲಿ ಒಂದು 14, ಒಂದು 21 ಸೇರಿ ಒಂದಾಗಿವೆ. ಸರಕೆಲ್ಲ ಇದೆ, ಹೆಚ್ಚಿಲ್ಲ ಕಮ್ಮಿಯಿಲ್ಲ, ಅವಳಿಗೆ ಏನೂ ತೊಂದರೆಯಿಲ್ಲ. ಮಕ್ಕಳಿಗೆ ಹಂಚುವಾಗ ಮಾತ್ರ ಲೆಕ್ಕ ತಪ್ಪಬಹುದು. ತಾಯಿಯಲ್ಲಿ ಇದ್ದರೆ ಪ್ರತಿ ಬಸಿರಿಗೂ ನೂರಕ್ಕೆ 10ರಿಂದ 15, ತಂದೆಯಲ್ಲಿದ್ದರೆ ಅದಕ್ಕಿಂತ ಬಹಳ ಕಮ್ಮಿ ಅಂದರು.

ನಿಮ್ಮ ಮಗಳದ್ದು ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿರುವ 21. ಸಾಮಾನ್ಯವಾಗಿ ತಂದೆತಾಯಿಯ ಕ್ರೋಮೋಸೋಮ್ ಪರೀಕ್ಷೆ ಬೇಕಾಗೋದಿಲ್ಲ, ಮುಂದಿನ ಮಗುವಿಗೆ ಸುಮಾರು ನೂರಕ್ಕೆ ಒಂದು ಅಂತ ಹೇಳ್ತಾರೆ. ಆದರೂ ಬಸಿರಿಗೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ವರದಿ ಸಮೇತ ಒಮ್ಮೆ ಕುಳಿತುಕೊಳ್ಳಿ. ನಾವು ಎರಡನೇ ಸಲ 16ನೇ ವಾರದಲ್ಲಿ ಗರ್ಭನೀರಿನ ಪರೀಕ್ಷೆ ಮಾಡಿಸಿದೆವು. ಆ ವರದಿಯಲ್ಲಿ ಗಂಡೋ ಹೆಣ್ಣೋ ಅನ್ನೋದನ್ನು ಮುಚ್ಚಿರುತ್ತಾರೆ, ಕಾನೂನೇ ಹಾಗಿದೆ, ಗಾಬರಿ ಬೇಡ. ಎರಡನೆಯವಳು ಅಮ್ಮನ ಹಾಗೇ 45ರವಳು, ಈಗ ಒಂದನೇ ಕ್ಲಾಸು. ದೊಡ್ಡವಳಾದ ಮೇಲೆ ಇದನ್ನು ಅವಳಿಗೆ ತಿಳಿಸಬೇಕು ಅಂತ ವರದಿಯನ್ನು ಜಾತಕದ ಜೊತೆ ಇಟ್ಟಿದ್ದೇವೆ.

ಸೋದರಮಾವನನ್ನೇ ಮದುವೆಯಾದವಳು, ಕೋಲಾರ:

ನಿಮ್ಮಮ್ಮನಿಗೆ ಇದನ್ನು ಓದಿ ಹೇಳಿ. ಸಂಬಂಧದ ಮದುವೆಯಿಂದ ಆಗುವ ತೊಂದರೆ ಬೇರೆ, ನಿಮ್ಮ ಮಗಳದ್ದು ಬೇರೆ. ನನ್ನ ಮೊದಲ ಮಗನಿಗೆ ಥಲಸ್ಸೀಮಿಯಾ ಮೇಜರ್, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸ್ತೇವೆ. ಅದು ಒಂದು ಜೀನಿನ ತಪ್ಪು. ಆ ಕೆಟ್ಟ ಜೀನ್ ನಮ್ಮಜ್ಜಿಯ ಮನೆಯಿಂದ ನಮ್ಮ ಯಜಮಾನರಿಗೂ ಬಂದಿತ್ತು, ಅಮ್ಮನ ಮೂಲಕ ನನಗೂ ಬಂದಿತ್ತು. ಇಬ್ಬರಲ್ಲೂ ಒಂದೊಂದು ಒಳ್ಳೆಯ ಪ್ರತಿ ಇದ್ದದ್ದರಿಂದ ಇಬ್ಬರೂ ಗಟ್ಟಿಮುಟ್ಟು. ಮಗನಿಗೆ ಎರಡೂ ಕೆಟ್ಟದ್ದೇ ಸಿಕ್ಕಿತು. ಅಂಥ ಜೋಡಿಗೆ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದು ಸಾಧ್ಯತೆ.

ಡೌನ್ ಸಿಂಡ್ರೋಮಿನಲ್ಲಿ ಜೀನ್ ಯಾವುದೂ ಕೆಟ್ಟಿಲ್ಲ. ನಮ್ಮ ಕೌನ್ಸೆಲರ್ ಹೇಳಿದ್ದು ಹೀಗೆ: ಹುಳಿಗೆ ಹಾಳಾದ ಸಾಮಾನು ಬಿದ್ದಿಲ್ಲ, ಒಳ್ಳೆಯ ಸಾಮಾನೇ ಒಂದೂವರೆ ಪಟ್ಟು ಬಿದ್ದಿದೆ. 21 ತೀರ ಚಿಕ್ಕ ಕ್ರೋಮೋಸೋಮ್, ಅದರಲ್ಲಿರುವ ಇನ್ನೂರಕ್ಕೂ ಹೆಚ್ಚು ಜೀನ್‌ಗಳ ಪ್ರಮಾಣ ಏರಿದ್ದರಿಂದ ಮೈಯ ಬಿಗಿ, ಹೃದಯ, ಕಲಿಕೆ ಎಲ್ಲದರ ಹದ ಬೇರೆಯಾಗುತ್ತೆ. ದೂರದ ಸಂಬಂಧ ಮಾಡಿದ್ದರೂ ಇದು ಆಗಬಹುದಿತ್ತು.

ಆದರೆ ನೀವಿಬ್ಬರೂ ಸಂಬಂಧಿಗಳೇ ಆದ್ದರಿಂದ ಒಂದು ಕಾಳಜಿಯ ಮಾತು. ಇನ್ನೊಂದು ಮಗುವಿಗೆ ಮೊದಲು ಇಬ್ಬರೂ ಎಚ್‌ಪಿಎಲ್‌ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಥಲಸ್ಸೀಮಿಯಾ ವಾಹಕರಾ ಅಂತ ಗೊತ್ತಾಗುತ್ತೆ. ಮೂರು ತಲೆಮಾರಿನಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಕಿವಿ ಕೇಳದವರು ಯಾರಿದ್ದರು ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ.

ಮಗಳ ಜೊತೆ ಮೈಸೂರಿನಲ್ಲಿ ಎರಡು ವರ್ಷ ಇದ್ದವರು:

ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ, ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಚಿಕ್ಕಂದಿನಲ್ಲೇ ನೆರವು ಕೊಡುವ ಕೇಂದ್ರ ಇದೆಯಾ ಕೇಳಿ, ಫಿಸಿಯೋಥೆರಪಿ ಅಲ್ಲೇ ಶುರು ಮಾಡಬಹುದು. ಮಾತಿಗೆ ನಾವು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಥೆರಪಿ ನಡೆಯುವಾಗ ಪಕ್ಕದಲ್ಲೇ ಕೂತು ಕಲಿತುಕೊಳ್ಳಿ, ಉಳಿದ ಇಪ್ಪತ್ತಮೂರು ಗಂಟೆ ಮಗು ನಿಮ್ಮ ಹತ್ತಿರವೇ ಇರುತ್ತೆ. ನನ್ನ ಮಗಳು ಬಾಯಿಂದ ‘ನೀರು’ ಅನ್ನುವ ಮೊದಲು ಒಂದು ವರ್ಷ ಕೈಸನ್ನೆಯಲ್ಲೇ ನೀರು ಕೇಳಿದಳು. ಸನ್ನೆ ಕಲಿಸಿದರೆ ಮಾತು ಬರೋದಿಲ್ಲ ಅಂತ ಹೆದರಿಸುತ್ತಾರೆ, ನಂಬಬೇಡಿ. ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿಡಿ.

ದಾವಣಗೆರೆಯ ತಾಯಿ, ಮತ್ತೆ:

ಒಂದು ಬಿಟ್ಟುಹೋಯ್ತು. ನನ್ನ ಮಗ ನಡೆದದ್ದು ಎರಡು ವರ್ಷ ಮೂರು ತಿಂಗಳಿಗೆ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ನಾನು ಒಂದಿಡೀ ವರ್ಷ ಅತ್ತೆ. ಡೌನ್ ಸಿಂಡ್ರೋಮ್ ಮಕ್ಕಳು ಎರಡು ವರ್ಷದ ಆಸುಪಾಸಿಗೆ ನಡೆಯುವುದು ಮಾಮೂಲು ಅಂತ ಯಾರೂ ನನಗೆ ಹೇಳಿರಲಿಲ್ಲ. ಈಗ ಬಸ್ಸಿನ ಬೋರ್ಡು ಓದಿ ನನ್ನ ಕೈ ಹಿಡಿದು ಹತ್ತಿಸುತ್ತಾನೆ.

ಕೇಳಿದವರು:

ಎಕೋಗೆ ಗುರುವಾರ ಬರೋಕೆ ಹೇಳಿದ್ದಾರೆ, ಥೈರಾಯ್ಡ್‌ಗೆ ಇವತ್ತೇ ರಕ್ತ ಕೊಟ್ಟೆವು. ಅಂಡಾಣುವಿನ ವಿಷಯ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅದು ನನ್ನ ಹೊಟ್ಟೆಯಲ್ಲೂ ಇತ್ತಾ’ ಅಂತ ಮಗುವನ್ನು ಎತ್ತಿಕೊಂಡರು. ಗುರುವಾರ ಅತ್ತೆಯೂ ಜೊತೆಗೆ ಬರ್ತೀನಿ ಅಂದಿದ್ದಾರೆ.