ಅಮ್ಮನ ಮೂಳೆ ಮಜ್ಜೆಯಲ್ಲಿ ಕೊಬ್ಬು, ಟಿ-ಸ್ಕೋರ್ −2.9: ಡ್ರಿಪ್ಪಾ, ಸೂಜಿನಾ? ಅನುಭವ ಇದ್ದವರು ಹೇಳಿ

ಕಿರಿಮಗಳು: ಅಮ್ಮನಿಗೆ 58, ತೂಕ 44 ಕೆಜಿ. ಸಕ್ಕರೆ ಕಾಯಿಲೆ ಇದೆ. ಬೆನ್ನುನೋವಿಗೆ ಎಂಆರ್‌ಐ ಮಾಡಿಸಿದ್ರೆ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ ಅಂತ ಬರೆದಿದ್ದಾರೆ. ಮೂಳೆ ಎಷ್ಟು ಗಟ್ಟಿ ಅಂತ ಅಳೆಯೋ ಡೆಕ್ಸಾ ಸ್ಕ್ಯಾನಲ್ಲಿ ಟಿ-ಸ್ಕೋರ್ −2.9, ಮೈನಸ್ ಜಾಸ್ತಿ ಆದಷ್ಟೂ ಮೂಳೆ ಸವೆದಿದೆ ಅಂತ ಅರ್ಥ. ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಅಥವಾ ಆರು ತಿಂಗಳಿಗೊಂದು ಸೂಜಿ, ಯಾವುದಾದ್ರೂ ಆರಿಸಿಕೊಳ್ಳಿ ಅಂದ್ರು. ಮೈಮೇಲೆ ಇಲ್ಲದ ಕೊಬ್ಬು ಮೂಳೆಯೊಳಗೆ ಹೇಗೆ ಬಂತು?

ದಾವಣಗೆರೆ ಟೀಚರ್: ನಾನು ಡ್ರಿಪ್ ತಗೊಂಡವಳು, ಧೈರ್ಯವಾಗಿ ಹೇಳ್ತೀನಿ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದ ಮೇಲೆ ಡೆಕ್ಸಾ ಮಾಡಿಸಿದ್ದು, −3.2. ಮೊದಲು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಮಾತ್ರೆ ಕೊಟ್ರು. ಖಾಲಿ ಹೊಟ್ಟೇಲಿ ನುಂಗಿ ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫಿನೂ ಇಲ್ಲ. ಎದೆ ಉರಿ ಎಷ್ಟಾಯ್ತು ಅಂದ್ರೆ ಮೊಸರನ್ನನೂ ಇಳೀತಿರಲಿಲ್ಲ. ಆಮೇಲೆ ಝೊಲೆಡ್ರಾನಿಕ್ 5 ಮಿ.ಗ್ರಾಂ ಡ್ರಿಪ್. ಖರ್ಚು ಬರ್ಕೊಳ್ಳಿ: ಔಷಧಿ 14,800, ಡೇ ಕೇರ್ ಬೆಡ್ಡಿಗೆ 1,500, ಕಿಡ್ನಿ ನೋಡೋ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಸೇರಿ 2,350. ಅದಕ್ಕೂ ಮುಂಚೆ ಹುಳುಕು ಹಲ್ಲು ಕೀಳಿಸೋಕೆ 1,200. ಈ ಔಷಧಿಯಿಂದ ಅಪರೂಪಕ್ಕೆ ದವಡೆ ಮೂಳೆ ಕೆಡುತ್ತೆ, ಅದಕ್ಕೇ ಹಲ್ಲಿನ ಕೆಲಸ ಮೊದಲೇ ಮುಗಿಸ್ಬೇಕು. ಅವತ್ತು ರಾತ್ರಿ ಚಳಿಜ್ವರ ಬಂದು ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಪ್ಯಾರಾಸಿಟಮಾಲ್‌ಗೆ ಇಳೀತು. ಮುಂದಿನ ವರ್ಷ ಅದೂ ಇರಲಿಲ್ಲ. ಈಗ −2.6, ಮತ್ತೆ ಮುರಿದಿಲ್ಲ.

ಧಾರವಾಡದಾಕಿ: ನಂದೂ ಕೇಳ್ರಿ. ನನಗ ಡೆನೊಸುಮ್ಯಾಬ್ 60 ಸೂಜಿ, ಆರು ತಿಂಗಳಿಗೊಮ್ಮೆ, ಒಂದಕ್ಕ 9,400. ಸ್ಕೋರ್ ಛಲೋ ಏರಿತ್ತು. ಮಗಳ ಮದ್ವಿ ಗದ್ದಲದಾಗ ಒಂದು ಸೂಜಿ ಮುಂದ ಹೋತು, ಇನ್ನೊಂದೂ ಹೋತು. ನಡಕ ಬಿಟ್ರ ಮೂಳಿ ಮೊದಲಿಗಿಂತ ಜೋರಾಗಿ ಕರಗ್ತದ ಅಂತ ಆ ಆಸ್ಪತ್ರ್ಯಾಗ ಒಬ್ರೂ ಹೇಳಿರ್ಲಿಲ್ಲ. ನೀರಿನ ಕೊಡ ಎತ್ತೂದ್ರಾಗ ಬೆನ್ನಾಗ ಚಟ್ ಅಂತು. ಬೆನ್ನಿನ ಡಿ12, ಎಲ್1, ಎಲ್2 ಅನ್ನೂ ಮಣಿ ಮೂರೂ ಕುಸದಾವ. ಸೊಂಟದ ಬೆಲ್ಟಿಗೆ 4,200, ಎಂಆರ್‌ಐಗೆ 7,500, ಮನೀಗೆ ಕೆಲಸದಾಕಿ ತಿಂಗಳಿಗೆ 8,000. ಎತ್ತರ ಕಡಿಮಿ ಆಗೇದ, ಸೀರಿ ನಿರಿಗಿ ನೆಲಕ್ಕ ತಾಗ್ತಾವ. ಈಗ ಮತ್ತ ಅದ ಸೂಜಿ. ನಿಲ್ಲಸೂ ಮುಂದ ಝೊಲೆಡ್ರಾನಿಕ್ ಹಾಕ್ಸಿನ ನಿಲ್ಲಸ್ಬೇಕಂತ. ತಾರೀಖು ತಪ್ಪಂಗಿದ್ರ ಅದರ ಸುದ್ದಿಗೇ ಹೋಗಬ್ಯಾಡ್ರಿ.

ಮಂಡ್ಯ ರಾಗಿಮುದ್ದೆ: ಎಲ್ಲಾ ಸೂಜಿ, ಸೂಜಿ! ನಂಗೆ −1.8 ಅಂದಾಗ ಯಾವ ಔಷಧಿನೂ ಮುಟ್ಟಲಿಲ್ಲ. ದಿನಾ ಮುದ್ದೆ, ಎಳ್ಳು, ಬೆಳಗಿನ ಬಿಸಿಲು, ಮೆಟ್ಟಿಲು ಹತ್ತೋದು. ಈಗ −1.6. 100 ಗ್ರಾಂ ರಾಗೀಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಐತೆ. ಅದನ್ನ ಬಿಟ್ಟು ಹದಿನೈದು ಸಾವಿರ ಸುರೀತೀರಲ್ಲ.

ದಾವಣಗೆರೆ ಟೀಚರ್: −1.8ಗೂ −3.2ಗೂ ಒಂದೇ ಮದ್ದಾ? ನಾನೂ ಹುಟ್ಟಿದಾಗಿಂದ ಮುದ್ದೆ ತಿಂದವಳೇ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ ಮೂಳೆ ಸವೆಯೋದನ್ನ ರಾಗಿ ಒಂದೇ ತಡೆಯಲ್ಲ. ಮುರಿದ ಕೈ ಹಿಡ್ಕೊಂಡು ಕೂತವಳಿಗೆ ಇದನ್ನ ಹೇಳಬೇಡಿ.

ಹಳೇ ಟೆಕ್ನಿಷಿಯನ್: ಎಂಆರ್‌ಐ ರೂಮಲ್ಲೇ ಕೆಲಸ ಮಾಡಿದವಳು ನಾನು. ಟಿ1 ಅನ್ನೋ ಬಗೆಯ ಎಂಆರ್‌ಐ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತೆ. ಅದು ಹೊಟ್ಟೆ ಕೊಬ್ಬಲ್ಲ. ಮಜ್ಜೆಯ ಒಂದೇ ಮೂಲಕೋಶ ಮೂಳೆ ಕಟ್ಟೋ ಕೋಶನೂ ಆಗಬಹುದು, ಕೊಬ್ಬಿನ ಕೋಶನೂ ಆಗಬಹುದು. ಮುಟ್ಟು ನಿಂತ ಮೇಲೆ ಕೊಬ್ಬಿನ ಕಡೆ ವಾಲೋದು ಜಾಸ್ತಿ. ಊಟ ಬಿಟ್ಟು ಸೊರಗಿದ ಅನೊರೆಕ್ಸಿಯಾ ಹುಡುಗಿಯರ ಮಜ್ಜೆಯಲ್ಲೂ ಕೊಬ್ಬು ಹೆಚ್ಚು, ಮೂಳೆ ಕಡಿಮೆ. ನನಗೆ ಸಕ್ಕರೆಗೆ ಪಯೋಗ್ಲಿಟಾಜೋನ್ ವರ್ಷಗಟ್ಟಲೆ ಕೊಟ್ಟಿದ್ರು. ಅದೂ ಆ ಕೋಶಗಳನ್ನ ಕೊಬ್ಬಿನ ಕಡೆಗೇ ತಳ್ಳುತ್ತೆ, ಹೆಂಗಸರಲ್ಲಿ ಮೂಳೆ ಮುರಿಯೋದು ಹೆಚ್ಚಾಗುತ್ತೆ. ಕಾಲು ಮುರಿದು ಪ್ಲೇಟ್ ಹಾಕಿಸೋಕೆ 1,35,000 ಹೋದ ಮೇಲೆ ಬೇರೆ ಡಾಕ್ಟರ್ ನೋಡಿ ಮಾತ್ರೆ ಬದಲಿಸಿದ್ರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಿರಿಮಗಳು: ಅಮ್ಮನ ಸಕ್ಕರೆ ಮಾತ್ರೆ ಹೆಸರು ನೋಡಿ ಹೇಳ್ತೀನಿ. ಡ್ರಿಪ್‌ಗೆ ಕಿಡ್ನಿ ಚೆನ್ನಾಗಿರಬೇಕಂತೆ, ಹೌದಾ?

ಮಂಡ್ಯ ರಾಗಿಮುದ್ದೆ: ನೋಡಿ, ಇಂಗ್ಲಿಷ್ ಮಾತ್ರೆಯಿಂದಲೇ ಮೂಳೆ ಹೋಯ್ತು ಅಂತ ಅವರೇ ಹೇಳ್ತಾವ್ರೆ.

ಹಳೇ ಟೆಕ್ನಿಷಿಯನ್: ನನ್ನ ಮಾತು ತಿರುಚಬೇಡಿ. ಒಂದು ಮಾತ್ರೆ ಬಗ್ಗೆ ಹೇಳಿದ್ದು. ಈಗ ನಾನೂ ಝೊಲೆಡ್ರಾನಿಕ್ ತಗೋತಿದ್ದೀನಿ, ಜನರಿಕ್, 3,400. ಟೀಚರಮ್ಮ, ನಿಮ್ಮ ಹತ್ರ 14,800 ಕಿತ್ಕೊಂಡಿದ್ದಾರೆ.

ದಾವಣಗೆರೆ ಟೀಚರ್: ಯಾರೂ ಕಿತ್ಕೊಂಡಿಲ್ಲ. ಡಾಕ್ಟರು ಬರೆದ ಕಂಪನಿದೇ ಬೇಕು ಅಂತ ನಾನೇ ಕೇಳಿ ತಗೊಂಡಿದ್ದು. ಮೂಳೆ ವಿಷಯದಲ್ಲಿ ಅಗ್ಗದ್ದು ಹುಡುಕಲ್ಲ ನಾನು.

ಹಳೇ ಟೆಕ್ನಿಷಿಯನ್: ಒಳಗಿರೋದು ಅದೇ ಝೊಲೆಡ್ರಾನಿಕ್, ಅದೇ 5 ಮಿ.ಗ್ರಾಂ. ಪಿಂಚಣೀಲಿ ಬದುಕೋರಿಗೆ ಇಂಥ ಮಾತು ಹೇಳಿ ಹೆದರಿಸಬೇಡಿ.

ಧಾರವಾಡದಾಕಿ: ರೊಕ್ಕದ ಜಗಳ ಆಮ್ಯಾಲೆ ಮಾಡ್ರಿ. ಆ ಹುಡುಗಿ ಕಿಡ್ನಿದು ಕೇಳ್ಯಾಳ. ಹೌದವ್ವಾ, ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದ್ರ ಕಿಡ್ನಿ ಸೋಸೂ ಶಕ್ತಿ, 35ಕ್ಕಿಂತ ಕೆಳಗಿದ್ರ ಆ ಡ್ರಿಪ್ ಹಾಕೂದಿಲ್ಲ.

ಮಂಡ್ಯ ರಾಗಿಮುದ್ದೆ: ಜೋಳದ ರೊಟ್ಟಿ ತಿನ್ನೋ ಕಡೆ ಮೂಳೆ ಕುಸಿಯೋದರಲ್ಲಿ ಆಶ್ಚರ್ಯ ಏನೈತೆ, ಜೋಳದಲ್ಲಿ ಕ್ಯಾಲ್ಸಿಯಂ ಎಲ್ಲೈತೆ?

ಧಾರವಾಡದಾಕಿ: ರೊಟ್ಟಿ ಸುದ್ದಿ ತಗೀಬ್ಯಾಡ್ರಿ! ನಮ್ಮವ್ವ ರೊಟ್ಟಿ, ಮಸರು, ಶೇಂಗಾ ಹಿಂಡಿ ಉಂಡು ಎಂಬತ್ತರ ಮ್ಯಾಲ ಹೊಲಕ್ಕ ಹೋಗ್ತಿದ್ಲು. ನನ್ನ ಬೆನ್ನು ಕುಸದದ್ದು ಸೂಜಿ ತಪ್ಪಿದ್ದಕ್ಕ.